ಹನುಕ್ಕಾ ಹಾಡುಗಳು: ಮುದ್ರಿಕೆಗೆ ಸಿಕ್ಕವು, ಸಿಗದೆ ಉಳಿದವು

ಹನುಕ್ಕಾ ಯಹೂದಿಗಳ ಎಂಟು ದಿನಗಳ ದೀಪದ ಹಬ್ಬ. ಕ್ರಿಸ್ತಪೂರ್ವ 164ರ ಸುಮಾರಿಗೆ ಮಕ್ಕಬೀಯರೆಂಬ ಯಹೂದಿ ಬಂಡಾಯಗಾರರು ಸೆಲ್ಯೂಸಿಡ್ ಎಂಬ ಗ್ರೀಕ್ ಮನೆತನದ ಅರಸರ ಹಿಡಿತದಿಂದ ಜೆರುಸಲೇಮಿನ ದೇವಾಲಯವನ್ನು ಬಿಡಿಸಿಕೊಂಡು ಶುದ್ಧಿ ಮಾಡಿದ್ದರ ನೆನಪಿಗಾಗಿ, ಹೀಬ್ರೂ ಪಂಚಾಂಗದ ಕಿಸ್ಲೇವ್ ತಿಂಗಳ 25ರಿಂದ ದಿನಕ್ಕೊಂದರಂತೆ ಹೆಚ್ಚಿಸುತ್ತ ದೀಪ ಹಚ್ಚಲಾಗುತ್ತದೆ. ಈ ಹಬ್ಬಕ್ಕೆ ಧ್ವನಿಮುದ್ರಿತ ಸಂಗೀತ ಇಷ್ಟು ಸಲೀಸಾಗಿ ಒಗ್ಗಿಕೊಂಡಿದ್ದಕ್ಕೆ ಧರ್ಮಶಾಸ್ತ್ರದಲ್ಲಿಯೇ ಒಂದು ಕಾರಣವಿದೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಹಾಗೂ ಪಸ್ಕದಂಥ ದೊಡ್ಡ ಹಬ್ಬಗಳ ಮುಖ್ಯ ದಿನಗಳಲ್ಲಿ ಶಾಸ್ತ್ರನಿಷ್ಠ ಮನೆಗಳವರು ವಾದ್ಯ ನುಡಿಸುವುದಿಲ್ಲ, ವಿದ್ಯುತ್ ಉಪಕರಣಗಳನ್ನು ಚಾಲೂ ಮಾಡುವುದೂ ಇಲ್ಲ. ಹನುಕ್ಕಾ ಹೀಬ್ರೂ ಬೈಬಲ್ ವಿಧಿಸಿದ ಹಬ್ಬವಲ್ಲವಾದ್ದರಿಂದ, ನಡುವೆ ಬರುವ ಸಬ್ಬತ್ತನ್ನು ಬಿಟ್ಟರೆ, ಅದಕ್ಕೆ ಈ ಕಟ್ಟುಪಾಡು ಅನ್ವಯಿಸುವುದಿಲ್ಲ. ದೀಪ ಉರಿಯುತ್ತಿರುವಷ್ಟು ಹೊತ್ತು, ಕನಿಷ್ಠ ಅರ್ಧ ಗಂಟೆಯಾದರೂ, ಮನೆಗೆಲಸಕ್ಕೆ ಕೈಹಾಕಬಾರದೆಂಬ ರೂಢಿ, ಅದರಲ್ಲೂ ಹೆಂಗಸರ ನಡುವೆ, ಹಲವು ಕಡೆ ಇದೆ. ಹಾಡಿಗೆ ಇದಕ್ಕಿಂತ ಒಳ್ಳೆಯ ಬಿಡುವು ಸಿಗಲಾರದು.

ಆದರೆ ಮಾರುಕಟ್ಟೆಗೆ ಬಂದ ಧ್ವನಿಮುದ್ರಿಕೆಗಳು ಎಲ್ಲ ಯಹೂದಿ ಪರಂಪರೆಗಳನ್ನೂ ಸಮನಾಗಿ ಎತ್ತಿಕೊಳ್ಳಲಿಲ್ಲ. ಇಂದು ಹನುಕ್ಕಾ ಸಂಗೀತವೆಂದು ಜಗತ್ತು ಗುರುತಿಸುವುದರಲ್ಲಿ ಹೆಚ್ಚಿನದು ಪೂರ್ವ ಹಾಗೂ ಮಧ್ಯ ಯುರೋಪಿನ ಅಶ್ಕೆನಾಜಿ ಯಹೂದಿಗಳಿಂದ ಬಂದು, ಅಮೆರಿಕದಲ್ಲಿ ಹೊಸ ರೂಪ ಪಡೆದದ್ದು. ಯಾವುದು ಹಳೆಯದು, ಯಾವುದು ಹೊಸದು ಎಂಬ ಅಂದಾಜು ಕೂಡ ಈ ಮುದ್ರಿಕೆಗಳಿಂದಾಗಿ ಏರುಪೇರಾಗಿದೆ ಎಂಬುದು ನನ್ನ ಅನಿಸಿಕೆ.

ಅಶ್ಕೆನಾಜಿಗಳು ದೀಪ ಹಚ್ಚಿದ ಮೇಲೆ ಹಾಡುವ ‘ಮಾಓಜ್ ತ್ಸೂರ್’ ಎಂಬ ಹೀಬ್ರೂ ಸ್ತೋತ್ರವನ್ನೇ ನೋಡಬಹುದು. ಅದು 13ನೆಯ ಶತಮಾನದ ಸುಮಾರಿನದೆಂದು ಬಹುತೇಕ ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಹರಿದಾಸರ ಪದಗಳಲ್ಲಿ ಅಂಕಿತವಿರುವಂತೆ ಇದರಲ್ಲಿಯೂ ಕವಿಯ ಹೆಸರು ಅಡಗಿದೆ. ಮೊದಲ ಐದು ಚರಣಗಳ ಆದ್ಯಕ್ಷರಗಳನ್ನು ಕೂಡಿಸಿದರೆ ‘ಮೊರ್ದೆಖಾಯ್’ ಎಂದಾಗುತ್ತದೆ. ಸಾಹಿತ್ಯ ಇಷ್ಟು ಹಳೆಯದಾದರೂ, ಈಗ ಎಲ್ಲೆಡೆ ಕೇಳಿಬರುವ ಅದರ ಮಟ್ಟು ಜರ್ಮನ್ ಲೋಕಗೀತೆ ಮತ್ತು 16ನೆಯ ಶತಮಾನದ ಪ್ರಾಟೆಸ್ಟೆಂಟ್ ಭಕ್ತಿಗೀತೆಗಳ ಧಾಟಿಗಳಿಂದ ಹೆಣೆದುಕೊಂಡದ್ದು ಎಂದು ಸಂಗೀತ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ವೆನಿಸ್‌ನ ಸಂಗೀತಗಾರ ಬೆನೆಡೆಟ್ಟೊ ಮಾರ್ಚೆಲ್ಲೊ 1720ರ ದಶಕದಲ್ಲಿ ಅಲ್ಲಿನ ಅಶ್ಕೆನಾಜಿಗಳಿಂದ ಕೇಳಿ ಬರೆದಿಟ್ಟ ಧಾಟಿ ಬೇರೆಯೇ ಆಗಿದೆ. ಮುದ್ರಿಕೆಗಳ ಯುಗದಲ್ಲಿ ಜರ್ಮನ್ ಮಟ್ಟೇ ಮೇಲುಗೈ ಪಡೆಯಿತು. ಹಾಡಿನಲ್ಲಿ ಆರು ಚರಣಗಳಿದ್ದರೂ ಸಾಮಾನ್ಯವಾಗಿ ಮೊದಲನೆಯದಷ್ಟೇ ಕೇಳಸಿಗುತ್ತದೆ. ಈಜಿಪ್ಟ್, ಬಾಬೆಲ್, ಪರ್ಷಿಯಾಗಳ ಸಂಕಟಗಳನ್ನು ಒಂದೊಂದಾಗಿ ನೆನೆದು ಕೊನೆಗೆ ಮಕ್ಕಬೀಯರ ಕಾಲಕ್ಕೆ ಬರುವ ಕಥನವೇ ಹೀಗೆ ಮರೆಯಾಗುತ್ತದೆ.

ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿಗಳಾದ ಸೆಫಾರ್ದಿಗಳಲ್ಲಿ ಮತ್ತು ಮಧ್ಯಪ್ರಾಚ್ಯದ ಹಲವು ಸಮುದಾಯಗಳಲ್ಲಿ ಈ ಸ್ತೋತ್ರದ ಜಾಗದಲ್ಲಿರುವುದು ದೇವಾಲಯದ ಪ್ರತಿಷ್ಠೆಯ ಗೀತೆಯೆಂದು ತಲೆಬರಹವುಳ್ಳ, ಹೀಬ್ರೂ ಬೈಬಲಿನ 30ನೆಯ ಕೀರ್ತನೆ. ಅದನ್ನು ಊರೂರಿಗೆ ಬೇರೆ ಬೇರೆ ಧಾಟಿಯಲ್ಲಿ ಹೇಳುತ್ತಾರೆ. ಇಂಥ ಧಾಟಿಗಳನ್ನು ಯಂತ್ರದಲ್ಲಿ ಹಿಡಿದಿಡಲು ಮೊದಲು ಹೊರಟವರಲ್ಲಿ ಲಾಟ್ವಿಯಾದಲ್ಲಿ ಹುಟ್ಟಿದ ಸಂಗೀತ ಸಂಶೋಧಕ ಅಬ್ರಹಾಂ ತ್ಸ್ವಿ ಇದೆಲ್ಸೋನ್ ಪ್ರಮುಖರು. ವಿಯೆನ್ನಾದ ಧ್ವನಿ ಸಂಗ್ರಹಾಲಯದ ಯಂತ್ರವನ್ನು ಬಳಸಿ 1911ರಿಂದ 1913ರವರೆಗೆ ಅವರು ಜೆರುಸಲೇಮಿನಲ್ಲಿ ನೆಲೆಸಿದ್ದ ಯೆಮೆನ್, ಬಾಗ್ದಾದ್, ಪರ್ಷಿಯಾ, ಮೊರಾಕೊ ಮುಂತಾದ ಕಡೆಯ ಯಹೂದಿಗಳ ಹಾಡು, ಪ್ರಾರ್ಥನೆ, ಪಠಣಗಳನ್ನು ಮುದ್ರಿಸಿಕೊಂಡರು. 1914ರಿಂದ ಮುಂದಿನ ಎರಡು ದಶಕಗಳಲ್ಲಿ ಅವರ ಸ್ವರಲಿಪಿಯ ಸಂಗ್ರಹ ಹತ್ತು ಸಂಪುಟಗಳಾಗಿ ಹೊರಬಂದಿತು. ಸಂಪುಟಗಳು ಗ್ರಂಥಾಲಯ ಸೇರಿದವು, ಧ್ವನಿಗಳು ವಿಯೆನ್ನಾದಲ್ಲಿ ಉಳಿದವು. ಜನ ಮನೆಗೆ ಕೊಂಡೊಯ್ಯಬಲ್ಲ ಗ್ರಾಮಫೋನ್ ತಟ್ಟೆಗಳಾಗಿ ಅವು ಆಗ ಹೊರಬರಲಿಲ್ಲ.

ಅದೇ ಕಾಲದಲ್ಲಿ ಅಮೆರಿಕದ ಗ್ರಾಮಫೋನ್ ಕಂಪನಿಗಳು ಅಶ್ಕೆನಾಜಿಗಳ ಭಾಷೆಯಾದ ಯಿಡ್ಡಿಷ್ ಮಾತಾಡುವ ವಲಸಿಗರಲ್ಲಿ ದೊಡ್ಡ ಗ್ರಾಹಕ ವರ್ಗವನ್ನು ಕಂಡುಕೊಂಡಿದ್ದವು. ಯೊಸೆಲೆ ರೋಸೆನ್‌ಬ್ಲಾಟ್‌ರಂಥ ಪ್ರಾರ್ಥನಾ ಗಾಯಕರ ಕಂಠ ತಟ್ಟೆಯ ಮೇಲೆ ಮನೆಮನೆಗೆ ತಲುಪಿತು. ಡಿಸೆಂಬರಿನಲ್ಲಿ ಸುತ್ತಲೆಲ್ಲ ಕ್ರಿಸ್‌ಮಸ್ ಗೀತೆಗಳು ಮೊಳಗುವಾಗ ತಮ್ಮ ಮಕ್ಕಳಿಗೂ ಹಾಡುಗಳು ಬೇಕೆಂಬ ಒತ್ತಾಸೆ ಸೇರಿಕೊಂಡು, ದ್ರೇದೆಲ್ ಎಂಬ ಬುಗುರಿಯ ಮೇಲಿನ ಇಂಗ್ಲಿಷ್ ಹಾಡಿನಂಥ ಮಕ್ಕಳ ಗೀತೆಗಳು ಹಬ್ಬಿದವು. ‘ವೈಟ್ ಕ್ರಿಸ್‌ಮಸ್’ ಬರೆದ ಇರ್ವಿಂಗ್ ಬರ್ಲಿನ್ ಸ್ವತಃ ಯಹೂದಿಯಾಗಿದ್ದರೆಂಬುದನ್ನು ನೆನೆದರೆ, ಹನುಕ್ಕಾದ ಪಾಲಿಗೆ ಬಹುಕಾಲ ಮಕ್ಕಳ ಪದಗಳೇ ಉಳಿದದ್ದು ತುಸು ವಿಚಿತ್ರವೆನಿಸುತ್ತದೆ. 1949ರಲ್ಲಿ ಜನಪದ ಗಾಯಕ ವುಡಿ ಗತ್ರಿ ಕೆಲವು ಹನುಕ್ಕಾ ಹಾಡುಗಳನ್ನು ಮುದ್ರಿಸಿದರು. ಅವರು ಯಹೂದಿಯಲ್ಲ; ಅವರ ಹೆಂಡತಿಯ ತಾಯಿ ಅಲೀಜಾ ಗ್ರೀನ್‌ಬ್ಲಾಟ್ ಯಿಡ್ಡಿಷ್ ಕವಯಿತ್ರಿ. ಗತ್ರಿಯವರು ಬರೆದಿಟ್ಟು ಹಾಡದೆ ಬಿಟ್ಟ ಇನ್ನಷ್ಟು ಸಾಹಿತ್ಯಕ್ಕೆ ಕ್ಲೆಜ್ಮಾಟಿಕ್ಸ್ ತಂಡ ರಾಗ ಹಾಕಿ 2006ರಲ್ಲಿ ಆಲ್ಬಂ ತಂದಿತು.

ಸೆಫಾರ್ದಿ ದನಿಯೆಂದು ಇಂದು ಬಹುತೇಕ ಸಂಗ್ರಹಗಳು ಎತ್ತಿಕೊಳ್ಳುವುದು ‘ಓಚೊ ಕಾಂದೆಲಿಕಾಸ್’ ಎಂಬ, ಸೆಫಾರ್ದಿಗಳ ಸ್ಪ್ಯಾನಿಷ್ ಮೂಲದ ಭಾಷೆಯಾದ ಲಡೀನೋದ ಹಾಡನ್ನು. ಒಂದು ಮೇಣದ ಬತ್ತಿ, ಎರಡು ಮೇಣದ ಬತ್ತಿ ಎಂದು ಎಂಟರವರೆಗೆ ಎಣಿಸುತ್ತ, ಬಾದಾಮಿ ಮತ್ತು ಜೇನಿನ ಕಡುಬು ತಿನ್ನುವ ಸಡಗರವನ್ನು ಹೇಳುವ ಈ ಹಾಡನ್ನು ಸ್ಪೇನಿನಿಂದ 1492ರಲ್ಲಿ ಹೊರದಬ್ಬಿಸಿಕೊಂಡವರು ಹೊತ್ತು ತಂದದ್ದೆಂದು ಎಷ್ಟೋ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು 1983ರ ರಚನೆ. ಬರೆದವರು ಫ್ಲೋರಿ ಜಗೋಡಾ. 1923ರಲ್ಲಿ ಸರಾಯೆವೊದಲ್ಲಿ ಹುಟ್ಟಿ, ಬೋಸ್ನಿಯಾದ ವ್ಲಾಸೆನಿತ್ಸಾ ಪಟ್ಟಣದಲ್ಲಿ ಅಜ್ಜಿಯಿಂದ ಹಾಡು ಕಲಿತ ಅವರು, 1941ರಲ್ಲಿ ಜಾಗ್ರೆಬ್‌ನಿಂದ ರೈಲಿನಲ್ಲಿ ಅಕಾರ್ಡಿಯನ್ ನುಡಿಸುತ್ತ, ಯಾರಿಗೂ ಅನುಮಾನ ಬಾರದಂತೆ ಪಾರಾದರು. ಅಜ್ಜಿಯ ಕಡೆಯ ಬಹುಪಾಲು ಬಂಧುಗಳು ಯಹೂದಿಗಳ ನರಮೇಧಕ್ಕೆ ಬಲಿಯಾದರು. ಯುದ್ಧ ಮುಗಿದ ಮೇಲೆ ಅಮೆರಿಕ ಸೇರಿದ ಜಗೋಡಾ, ಕಲಿತಿದ್ದನ್ನು ಹಾಡುವುದರ ಜೊತೆಗೆ ಅದೇ ಧಾಟಿಯಲ್ಲಿ ಹೊಸದನ್ನೂ ಕಟ್ಟಿದರು. ಆ ಹಾಡು ‘ಪರಂಪರಾಗತ’ ಎಂಬ ಹಣೆಪಟ್ಟಿ ಹೊತ್ತು ಓಡಾಡುವುದು ಒಂದು ರೀತಿಯಲ್ಲಿ ಅವರಿಗೆ ಸಂದ ಮೆಚ್ಚುಗೆಯೇ ಸರಿ. ಆದರೂ ಬರೆದವರ ಹೆಸರು ಬಿಟ್ಟುಹೋಗುವುದು ನ್ಯಾಯವಲ್ಲ.

ಎಲ್ಲ ಸಮುದಾಯಗಳಿಗೂ ಹನುಕ್ಕಾ ಹಾಡಿನ ಪರಂಪರೆ ಇದೆಯೆಂದು ಎಣಿಸುವುದೂ ತಪ್ಪಾದೀತು. ಇಥಿಯೋಪಿಯಾದ ಬೇತಾ ಇಸ್ರೇಲ್ ಜನರ ಸಾಂಪ್ರದಾಯಿಕ ಆಚರಣೆಯಲ್ಲಿ ಈ ಹಬ್ಬವೇ ಇರಲಿಲ್ಲ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯಕ್ಕೂ ಅದು ಇತರ ಯಹೂದಿಗಳ ಸಂಪರ್ಕದ ನಂತರ ಬಂದದ್ದು. ಅವರು 19ನೆಯ ಶತಮಾನದ ಕೊನೆಯ ಹೊತ್ತಿಗೆ ಬೈಬಲಿನ ಕಥೆಗಳನ್ನು ಹೇಳಲು ಮರಾಠಿ ಕೀರ್ತನದ ಪ್ರಕಾರವನ್ನೇ ಬಳಸಿಕೊಂಡರು. ಕೊಚ್ಚಿಯ ಯಹೂದಿ ಮಹಿಳೆಯರ ಮಲಯಾಳಂ ಹಾಡುಗಳ ಮುದ್ರಿಕೆಗಳು ಹೊರಬಂದಿವೆಯಾದರೂ ಅವುಗಳಲ್ಲಿ ಮದುವೆಗೆ ಸಂಬಂಧಿಸಿದವು ಹೆಚ್ಚು.

ಇದೆಲ್ಸೋನ್ ಮುದ್ರಿಕೆಗಳು 2005ರಲ್ಲಿ ಸಿಡಿಗಳ ರೂಪದಲ್ಲಿ ಪ್ರಕಟವಾದವು. 1964ರಲ್ಲಿ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಆರಂಭವಾದ ಧ್ವನಿ ಸಂಗ್ರಹಾಲಯ ಬೇರೆ ಬೇರೆ ಸಮುದಾಯಗಳ ಮುದ್ರಿಕೆಗಳನ್ನು ಕೂಡಿಸುತ್ತ ಬಂದಿದ್ದು, ಅವುಗಳಲ್ಲಿ ಬಹಳಷ್ಟನ್ನು ಈಗ ಅಂತರ್ಜಾಲದಲ್ಲಿ ಕೇಳಬಹುದು. ಒಂದೇ ಸ್ತೋತ್ರದ ಜರ್ಮನ್ ಮಟ್ಟನ್ನೂ ಇಟಲಿಯ ಮಟ್ಟನ್ನೂ ಒಂದರ ಹಿಂದೊಂದು ಕೇಳಲು ಈಗ ಗ್ರಂಥಾಲಯದ ಬಾಗಿಲು ತಟ್ಟಬೇಕಾಗಿಲ್ಲ.