ಹಿಡಿತಕ್ಕೆ ಸಿಗದ ಗಮನ: ಮಕ್ಕಳಲ್ಲಿ ಎಡಿಎಚ್‌ಡಿ ಲಕ್ಷಣಗಳು

ಟೀವಿಯ ಮುಂದೆ ಎರಡು ಗಂಟೆ ಅಲುಗಾಡದೆ ಕೂರುವ ಮಗು ಪಾಠದ ಪುಸ್ತಕದ ಮುಂದೆ ಐದು ನಿಮಿಷವೂ ಕೂರದಿದ್ದರೆ, ಓದಲು ಅದಕ್ಕೆ ಮನಸ್ಸಿಲ್ಲ ಎಂದೇ ಹಿರಿಯರು ತೀರ್ಮಾನಿಸುತ್ತಾರೆ. ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ ಇರುವ ಎಷ್ಟೋ ಮಕ್ಕಳು ವರ್ಷಗಟ್ಟಲೆ ಬೈಸಿಕೊಳ್ಳುವುದು ಈ ತೀರ್ಮಾನದಿಂದಲೇ. ಹೆಸರಿನಲ್ಲಿ ‘ಕೊರತೆ’ ಎಂದಿದ್ದರೂ ಈ ಮಕ್ಕಳಿಗೆ ಗಮನವೇ ಇಲ್ಲವೆಂದು ಅರ್ಥವಲ್ಲ. ಗಮನವನ್ನು ಬೇಕಾದ ಕಡೆಗೆ ತಿರುಗಿಸುವ, ಬೇಸರ ಬಂದಾಗಲೂ ಅದನ್ನು ಅಲ್ಲೇ ನಿಲ್ಲಿಸುವ ಶಕ್ತಿ ಅವರಲ್ಲಿ ದುರ್ಬಲವಾಗಿರುತ್ತದೆ. ಕ್ಷಣಕ್ಷಣಕ್ಕೂ ಹೊಸ ಚಿತ್ರ, ಹೊಸ ಸದ್ದು ಒದಗಿಸುವ ಪರದೆಯು ನೋಡುವವರ ಗಮನವನ್ನು ತಾನಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ. ಗುಣಾಕಾರದ ಲೆಕ್ಕದ ಮುಂದೆ ಕುಳಿತಾಗ ಆ ಕೆಲಸವನ್ನು ಮಗುವೇ ಮಾಡಬೇಕಾಗುತ್ತದೆ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ನೀಡಿದಾಗ, ಬುದ್ಧಿಶಕ್ತಿ ಸರಿಯಿದ್ದೂ ಇವರಲ್ಲಿ ‘ನೈತಿಕ ನಿಯಂತ್ರಣ’ದ ದೋಷವಿದೆ ಎಂದು ವಿವರಿಸಿದ್ದರು. ವೈದ್ಯಶಾಸ್ತ್ರ ಆ ವಿವರಣೆಯನ್ನು ಬಿಟ್ಟು ಬಹಳ ಕಾಲವಾಯಿತು. ಮನೆ, ಶಾಲೆಗಳಲ್ಲಿ ಮಾತ್ರ ಅದು ಇನ್ನೂ ಉಳಿದಿರುವುದು ನೋವಿನ ಸಂಗತಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ಸಮಸ್ಯೆಯಲ್ಲಿ ಅನುವಂಶೀಯತೆಯ ಪಾಲು ಶೇ. 70ರಿಂದ 80ರಷ್ಟಿದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮಿದುಳಿನ ಹೊರಪದರ ಗರಿಷ್ಠ ದಪ್ಪ ತಲುಪುವ ವಯಸ್ಸನ್ನು ಅಳೆದಾಗ, ಇತರ ಮಕ್ಕಳಲ್ಲಿ ಅದು ಸುಮಾರು ಏಳೂವರೆ ವರ್ಷವಿದ್ದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷವಿತ್ತು. ಹೆಚ್ಚು ತಡವಾಗಿ ಮಾಗಿದ್ದು, ಯೋಜಿಸುವುದಕ್ಕೂ ತನ್ನನ್ನು ತಾನು ತಡೆದುಕೊಳ್ಳುವುದಕ್ಕೂ ಬೇಕಾದ ಮುಂಭಾಗ. ಇದು ಗುಂಪುಗಳ ನಡುವಿನ ವ್ಯತ್ಯಾಸವಾದ್ದರಿಂದ, ಒಂದು ಮಗುವಿನ ಸ್ಕ್ಯಾನ್ ನೋಡಿ ಸಮಸ್ಯೆ ಇದೆಯೋ ಇಲ್ಲವೋ ಎಂದು ಹೇಳಲಾಗದು. ರಕ್ತಪರೀಕ್ಷೆಯಿಂದಲೂ ಅದು ತಿಳಿಯುವುದಿಲ್ಲ. ಮಗುವಿನ ನಡವಳಿಕೆಯನ್ನು ದಿನವೂ ಕಾಣುವವರ ಕಣ್ಣಿಗೆ ಅಷ್ಟು ಬೆಲೆಯಿರುವುದು ಇದರಿಂದಲೇ.

ಆ ಕಣ್ಣಿಗೆ ಮೊದಲು ಬೀಳುವುದು ಚಟುವಟಿಕೆ. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುವ, ಕುಳಿತಲ್ಲೇ ಕೈಕಾಲು ಆಡಿಸುವ, ಸರದಿ ಕಾಯಲಾರದ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವ ಮಗುವನ್ನು ಯಾರೂ ಗಮನಿಸದೆ ಇರುವುದಿಲ್ಲ. ಗಮನದ ಲಕ್ಷಣಗಳು ಹೀಗೆ ಎದ್ದು ಕಾಣುವುದಿಲ್ಲ. ಕೂಡುವುದು ಚೆನ್ನಾಗಿ ಬರುವ ಮಗು ಚಿಹ್ನೆಯನ್ನೇ ನೋಡದೆ ಕಳೆದುಬಿಡುತ್ತದೆ. ರಾತ್ರಿ ಕಷ್ಟಪಟ್ಟು ಮುಗಿಸಿದ ಹೋಮ್‌ವರ್ಕ್ ಬೆಳಿಗ್ಗೆ ಮೇಜಿನ ಮೇಲೆಯೇ ಉಳಿಯುತ್ತದೆ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದಕ್ಕೆ ಹೊರಟು, ದಾರಿಯಲ್ಲಿ ಸಿಕ್ಕ ಆಟಿಕೆಯಲ್ಲಿ ಮುಳುಗಿ, ಯಾಕೆ ಬಂದೆನೆಂಬುದನ್ನೇ ಮರೆಯುತ್ತದೆ. ಎದುರಿಗೆ ನಿಂತು ಮಾತನಾಡಿದರೂ ಕೇಳಿಸಿಕೊಳ್ಳದಂತೆ ತೋರುತ್ತದೆ. ಕೆಲವು ಮಕ್ಕಳಲ್ಲಿ ಇಷ್ಟೇ ಇದ್ದು, ಅತಿಚಟುವಟಿಕೆಯ ಸುಳಿವೇ ಇರುವುದಿಲ್ಲ. ಹೆಣ್ಣುಮಕ್ಕಳಲ್ಲಿ ಈ ಬಗೆ ಹೆಚ್ಚು. ಯಾರಿಗೂ ತೊಂದರೆ ಕೊಡದೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯನ್ನು ‘ಕನಸು ಕಾಣುವವಳು’ ಎಂದು ಬಿಟ್ಟುಬಿಡುತ್ತೇವೆ. ಈ ಸಮಸ್ಯೆಯ ವಿಚಾರದಲ್ಲಿ ನಾವು ಮಾಡುವ ದೊಡ್ಡ ತಪ್ಪು ಇದೇ ಎಂದು ನನಗನ್ನಿಸುತ್ತದೆ.

ಆದರೆ ಇವುಗಳಲ್ಲಿ ಯಾವುದನ್ನು ಮಾಡದ ಮಗುವಿದೆ? ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ಮಾನದಂಡ ಈ ಪ್ರಶ್ನೆಗೆ ಉತ್ತರಿಸಲು ನೆರವಾಗುತ್ತದೆ. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಆರಾದರೂ, ಇಲ್ಲವೇ ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತರಲ್ಲಿ ಆರಾದರೂ, ಆ ವಯಸ್ಸಿಗೆ ಸಹಜವಾದದ್ದನ್ನು ಮೀರಿ ಕನಿಷ್ಠ 6 ತಿಂಗಳು ಇರಬೇಕು. ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಕಲಿಕೆಗೋ ಗೆಳೆತನಕ್ಕೋ ಅವುಗಳಿಂದ ಪೆಟ್ಟು ಬೀಳುತ್ತಿರಬೇಕು. ಮನೆಯಲ್ಲಿ ಲವಲವಿಕೆಯಿಂದಿದ್ದು ಒಬ್ಬ ಶಿಕ್ಷಕರ ತರಗತಿಯಲ್ಲಿ ಮಾತ್ರ ಚಡಪಡಿಸುವ ಮಗುವಿನ ವಿಷಯದಲ್ಲಿ ಮೊದಲು ವಿಚಾರಿಸಬೇಕಾದದ್ದು ಆ ತರಗತಿಯನ್ನೇ.

ಬೇರೆ ಕಾರಣಗಳೂ ಇದೇ ವೇಷದಲ್ಲಿ ಬರುತ್ತವೆ. ಕಿವಿ ಮಂದವಾದ ಮಗು ಮಾತು ಕೇಳದ ಮಗುವಿನಂತೆ ಕಾಣುತ್ತದೆ. ನಿದ್ದೆಯಲ್ಲಿ ಗೊರಕೆ ಹೊಡೆದು, ಉಸಿರು ಕಟ್ಟಿ ಪದೇಪದೇ ಎಚ್ಚರಗೊಳ್ಳುವ ಮಗು ಹಗಲಲ್ಲಿ ತೂಕಡಿಸುವ ಬದಲು ಚಡಪಡಿಸಬಹುದು. ಕೆಲವು ಸೆಕೆಂಡು ದಿಟ್ಟಿಸಿ ನಿಂತುಬಿಡುವ ಒಂದು ಬಗೆಯ ಮೂರ್ಛೆರೋಗ ಹಗಲುಗನಸಿನಂತೆಯೇ ತೋರುತ್ತದೆ. ಆತಂಕ, ಓದಿನ ನಿರ್ದಿಷ್ಟ ತೊಂದರೆ, ಮನೆಯೊಳಗಿನ ಕಲಹ ಇವೂ ಗಮನವನ್ನು ಕದಡುತ್ತವೆ. ಇನ್ನೊಂದನ್ನು ಶಾಲೆಗಳು ಒತ್ತಿ ಗಮನಿಸಬೇಕು: ತರಗತಿಯಲ್ಲಿ ವಯಸ್ಸಿನಲ್ಲಿ ಅತಿ ಕಿರಿಯರಾದ ಮಕ್ಕಳಿಗೆ ಈ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹನ್ನೊಂದು ತಿಂಗಳು ದೊಡ್ಡ ಸಹಪಾಠಿಯೊಂದಿಗೆ ಹೋಲಿಸಿದರೆ ಆರು ವರ್ಷದ ಮಗು ಚಂಚಲವಾಗಿ ಕಾಣುವುದು ಸಹಜವೇ.

ಅನುಮಾನ ಬಲವಾದರೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನೋವೈದ್ಯರನ್ನೋ ಕಾಣಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಹೆಜ್ಜೆಯಾಗಿ ಸೂಚಿಸುವುದು ಹೆತ್ತವರಿಗೆ ನೀಡುವ ತರಬೇತಿಯನ್ನು. ಅನಂತರದ ವಯಸ್ಸಿನಲ್ಲಿ ಅಗತ್ಯವಿದ್ದರೆ ಔಷಧಿಯೂ ಜೊತೆಗೂಡುತ್ತದೆ. ಹೋಗುವಾಗ ಕೆಲವು ವಾರಗಳ ಘಟನೆಗಳನ್ನು ದಿನಾಂಕದೊಡನೆ ಬರೆದುಕೊಂಡು, ಶಿಕ್ಷಕರ ಅಭಿಪ್ರಾಯವನ್ನೂ ಬರವಣಿಗೆಯಲ್ಲಿ ಪಡೆದು ಒಯ್ಯುವುದು ಒಳ್ಳೆಯದು. ಹೊಸ ಜಾಗದಲ್ಲಿ, ತನ್ನೊಬ್ಬನನ್ನೇ ಮಾತನಾಡಿಸುವ ಹೊಸ ವ್ಯಕ್ತಿಯ ಎದುರು, ಎಡಿಎಚ್‌ಡಿ ಇರುವ ಮಗುವೂ ಅರ್ಧ ಗಂಟೆ ಶಾಂತವಾಗಿ ಕುಳಿತಿರಬಲ್ಲದು. ಟೀವಿಯ ಮುಂದೆ ಕುಳಿತ ಹಾಗೆಯೇ. ಆ ಅರ್ಧ ಗಂಟೆಯಲ್ಲಿ ಕಾಣದೇ ಹೋದದ್ದನ್ನು ವೈದ್ಯರಿಗೆ ತೋರಿಸಬಲ್ಲದ್ದು ಆ ಬರೆದ ಹಾಳೆಗಳೇ.