ಪದ ಪರಿಚಯ: ಲ್ಯಾಟರಲ್ ರೀಡಿಂಗ್ ಅಥವಾ ಅಡ್ಡ ಓದು

ಗೊತ್ತಿಲ್ಲದ ಜಾಲತಾಣ ಎದುರಾದಾಗ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ ತೂಗಿ ನೋಡುವುದು ಒಂದು ರೀತಿ. ಪುಟವನ್ನು ಅಲ್ಲಿಗೇ ಬಿಟ್ಟು, ಬ್ರೌಸರಿನಲ್ಲಿ ಇನ್ನೊಂದು ಟ್ಯಾಬ್ ತೆರೆದು, ಆ ತಾಣವನ್ನು ನಡೆಸುವವರ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಎಂದು ಮೊದಲು ನೋಡುವುದು ಇನ್ನೊಂದು ರೀತಿ. ಈ ಎರಡನೆಯದೇ ಲ್ಯಾಟರಲ್ ರೀಡಿಂಗ್; ಕನ್ನಡದಲ್ಲಿ ಅಡ್ಡ ಓದು ಎನ್ನೋಣ. ಡಿಜಿಟಲ್ ಪೌರತ್ವ, ಮಾಧ್ಯಮ ಸಾಕ್ಷರತೆ ಎಂಬ ದೊಡ್ಡ ಹೆಸರುಗಳ ಅಡಿಯಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಹಲವು ಸಂಗತಿಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವುದು ಇದು. ಕೇಳಲು ಸರಳ, ಆದರೆ ಕಲಿಸಲು ಅಲ್ಲ. ಎದುರಿಗಿರುವುದನ್ನು ಗಮನವಿಟ್ಟು ಪೂರ್ತಿಯಾಗಿ ಓದು ಎಂದು ಶಾಲೆ ವರ್ಷಗಟ್ಟಲೆ ಹೇಳಿಕೊಟ್ಟಿರುತ್ತದೆ. ಅಡ್ಡ ಓದು ಹೇಳುವುದು, ಇನ್ನೂ ಓದಬೇಡ, ಮೊದಲು ಹೊರಗೆ ಹೋಗಿ ವಿಚಾರಿಸು ಎಂದು.

ಈ ಪದವನ್ನು ಪ್ರಚಾರಕ್ಕೆ ತಂದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹೊರತಂದ ಒಂದು ಅಧ್ಯಯನ. ಅದರಲ್ಲಿ ಪಾಲ್ಗೊಂಡವರು 45 ಮಂದಿ: ಪಿಎಚ್.ಡಿ. ಪಡೆದ 10 ಇತಿಹಾಸಕಾರರು, ಸುದ್ದಿಯ ನಿಜಾಂಶ ಪರಿಶೀಲಿಸುವುದನ್ನೇ ವೃತ್ತಿಯಾಗಿಸಿಕೊಂಡ 10 ಫ್ಯಾಕ್ಟ್‌ಚೆಕರ್‌ಗಳು ಮತ್ತು ಅದೇ ವಿಶ್ವವಿದ್ಯಾಲಯದ 25 ಪದವಿ ವಿದ್ಯಾರ್ಥಿಗಳು. ಎರಡು ತಾಣಗಳನ್ನು ತೋರಿಸಿ, ಇವುಗಳಲ್ಲಿ ಯಾವುದು ಹೆಚ್ಚು ನಂಬಲರ್ಹ ಎಂದು ಅವರನ್ನು ಕೇಳಲಾಯಿತು. ಒಂದು, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. 1930ರಲ್ಲಿ ಹುಟ್ಟಿದ, 60,000ಕ್ಕೂ ಹೆಚ್ಚು ಸದಸ್ಯರಿರುವ ಮಕ್ಕಳ ವೈದ್ಯರ ಸಂಘ. ಇನ್ನೊಂದು, ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಸಲಿಂಗಿ ದಂಪತಿ ಮಕ್ಕಳನ್ನು ದತ್ತು ಪಡೆಯುವುದನ್ನು ಅಕಾಡೆಮಿ ಬೆಂಬಲಿಸಿದ್ದಕ್ಕೆ ಮುನಿದು 2002ರಲ್ಲಿ ಹೊರಬಂದ, ಕೆಲವೇ ನೂರು ಸದಸ್ಯರ ಗುಂಪು. ಹೆಸರುಗಳು ಅವಳಿಗಳಂತಿವೆ. ಎರಡೂ ತಾಣಗಳು ನೋಡಲು ಗಂಭೀರವಾಗಿಯೇ ಇವೆ.

ಫ್ಯಾಕ್ಟ್‌ಚೆಕರ್‌ಗಳೆಲ್ಲರೂ ಅಕಾಡೆಮಿಯನ್ನೇ ಆರಿಸಿದರು. ಪುಟ ತೆರೆದ ಕೆಲವೇ ಕ್ಷಣಗಳಲ್ಲಿ ಅವರು ಅದನ್ನು ಬಿಟ್ಟು ಹೊರಟು ಸಂಘದ ಹೆಸರನ್ನು ಹುಡುಕತೊಡಗಿದ್ದರು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಸಣ್ಣ ಗುಂಪಿನ ತಾಣಕ್ಕೇ ಮನಸೋತರು. ಇತಿಹಾಸಕಾರರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಗಟ್ಟಿಯಾಗಿ ಹೇಳಲಾಗಲಿಲ್ಲ. ಹಳೆಯ ದಾಖಲೆಗಳನ್ನು ಜಾಲಾಡಿ ಸುಳ್ಳನ್ನು ಹೆಕ್ಕಬಲ್ಲ ಪಂಡಿತರು ಅವರು. ಅವರ ಕಣ್ಣು ಪುಟದ ಮೇಲೆಯೇ ಇತ್ತು; ಪುಟದಲ್ಲಿ ಜಾಹೀರಾತಿಲ್ಲ, ಅಚ್ಚುಕಟ್ಟಾದ ವಿನ್ಯಾಸವಿದೆ, ಆಕರಗಳ ಪಟ್ಟಿಯೂ ಇದೆ. ಇನ್ನೇನು ಬೇಕು?

ಬುದ್ಧಿವಂತರು ಎಡವುವುದು ಇಲ್ಲಿಯೇ. ಪುಟದ ಮೇಲೆ ಕಾಣುವುದೆಲ್ಲವೂ ಅದನ್ನು ಮಾಡಿದವರ ಕೈಯಲ್ಲಿದೆ. ‘ನಮ್ಮ ಬಗ್ಗೆ’ ಎಂಬ ವಿಭಾಗವೆಂದರೆ ತಮಗೆ ತಾವೇ ಬರೆದುಕೊಂಡ ಪ್ರಮಾಣಪತ್ರ. ಡಾಟ್ ಆರ್ಗ್ ವಿಳಾಸವನ್ನು ಯಾರು ಬೇಕಾದರೂ ಹಣ ಕೊಟ್ಟು ನೋಂದಾಯಿಸಬಹುದು. ಆದರೂ ಬಹುಕಾಲ ತರಗತಿಗಳಲ್ಲಿ ಕಲಿಸಿದ್ದು ಪಟ್ಟಿ ಹಿಡಿದು ಗುರುತು ಹಾಕುವ ವಿಧಾನವನ್ನೇ: ದಿನಾಂಕವಿದೆಯೇ, ಲೇಖಕರ ಹೆಸರಿದೆಯೇ, ಕಾಗುಣಿತ ತಪ್ಪುಗಳಿವೆಯೇ? ಇಂಥ ಪಟ್ಟಿಗಳಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ಚಿಕೋ ಆವರಣದ ಗ್ರಂಥಾಲಯದಲ್ಲಿ 2004ರಲ್ಲಿ ಸಿದ್ಧವಾಯಿತು. ಅದರ ಉದ್ದೇಶ ಒಳ್ಳೆಯದೇ. ಆದರೆ ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಒಂದೂ ತಪ್ಪಿಲ್ಲದ ಲೇಖನವನ್ನು, ಇಲ್ಲದ ಲೇಖಕನ ಮುಖಚಿತ್ರವನ್ನೂ ಸೇರಿಸಿ, ನಿಮಿಷದಲ್ಲಿ ತಯಾರಿಸುತ್ತವೆ. ಕಾಗುಣಿತ ನೋಡಿ ಸುಳ್ಳನ್ನು ಹಿಡಿಯುವ ಕಾಲ ಮುಗಿಯಿತು.

ಅಡ್ಡ ಓದಿಗೆ ವಿಶೇಷ ಸಲಕರಣೆಯೇನೂ ಬೇಡ. ತಾಣದ ಅಥವಾ ಸಂಸ್ಥೆಯ ಹೆಸರನ್ನು ಹುಡುಕಬೇಕು. ಫಲಿತಾಂಶ ಬಂದೊಡನೆ ಮೊದಲ ಕೊಂಡಿಯನ್ನೇ ಒತ್ತದೆ, ಇಡೀ ಪಟ್ಟಿಯ ಮೇಲೆ ಕಣ್ಣಾಡಿಸಿ, ಯಾರು ಯಾರು ಏನು ಹೇಳುತ್ತಿದ್ದಾರೆ ಎಂದು ಅಂದಾಜು ಮಾಡಬೇಕು. ಇದನ್ನು ಕ್ಲಿಕ್ ಸಂಯಮ ಎನ್ನಬಹುದು. ಯಾರು ನಡೆಸುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಯಾರು ಟೀಕಿಸಿದ್ದಾರೆ ಎಂಬಷ್ಟು ತಿಳಿದರೆ ಸಾಕು. ಇಲ್ಲಿ ವಿಕಿಪೀಡಿಯ ಬಹಳ ಸಹಾಯಕ. ವಿಕಿಪೀಡಿಯ ಮುಟ್ಟಲೇಬೇಡಿ ಎನ್ನುವ ಶಿಕ್ಷಕರಿಗೆ ಇದು ಹಿಡಿಸಲಾರದು. ಆದರೆ ಲೇಖನದ ಕೊನೆಯಲ್ಲಿರುವ ಆಕರಗಳಿಗೆ ನೆಗೆಯುವ ಮೆಟ್ಟಿಲಾಗಿ ವೃತ್ತಿಪರರು ಅದನ್ನು ಸಲೀಸಾಗಿ ಬಳಸುತ್ತಾರೆ. ಡಿಜಿಟಲ್ ಸಾಕ್ಷರತೆಯ ತಜ್ಞ ಮೈಕ್ ಕಾಲ್‌ಫೀಲ್ಡ್ 2019ರಲ್ಲಿ ರೂಪಿಸಿದ ಸಿಫ್ಟ್ ಎಂಬ ನಾಲ್ಕು ಹೆಜ್ಜೆಗಳ ಕ್ರಮದ ತಿರುಳೂ ಇದೇ: ನಿಲ್ಲು, ಮೂಲವನ್ನು ವಿಚಾರಿಸು, ಇದಕ್ಕಿಂತ ಉತ್ತಮ ವರದಿ ಹುಡುಕು, ಹೇಳಿಕೆ ಮೊದಲು ಎಲ್ಲಿ ಬಂತೆಂದು ಪತ್ತೆ ಮಾಡು. ಮೊದಲನೆಯ ಹೆಜ್ಜೆಯೇ ಕಷ್ಟದ್ದು. ಸಿಟ್ಟು ಬರಿಸುವ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಲು ಬೆರಳು ತವಕಿಸುತ್ತಿರುವಾಗ ನಿಲ್ಲುವುದು ಓದಿನ ಕೌಶಲವಷ್ಟೇ ಅಲ್ಲ, ಪೌರತ್ವದ ನಡತೆಯೂ ಹೌದು.

ಈ ವಿಧಾನಕ್ಕೂ ಮಿತಿಯಿದೆ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯ ಪ್ರಕಾರ, ಸುಳ್ಳು ಸುದ್ದಿಯನ್ನು ಪರೀಕ್ಷಿಸಲು ಅಂತರಜಾಲದಲ್ಲಿ ಹುಡುಕಿದವರು ಅದನ್ನು ನಿಜವೆಂದು ನಂಬುವ ಸಾಧ್ಯತೆ ಕಡಿಮೆಯಾಗುವ ಬದಲು ಹೆಚ್ಚಿತು. ಸುಳ್ಳಿನ ಶೀರ್ಷಿಕೆಯಲ್ಲಿರುವ ಪದಗಳನ್ನೇ ಹುಡುಕಿದರೆ ಅದೇ ಸುಳ್ಳಿನ ಪ್ರತಿಗಳು ಸಾಲಾಗಿ ಬರುತ್ತವೆ. ವಿಶ್ವಾಸಾರ್ಹರು ಯಾರೂ ಬರೆದಿರದ ವಿಷಯವಾದರೆ ಆ ಖಾಲಿ ಜಾಗವನ್ನು ಕಸವೇ ತುಂಬಿರುತ್ತದೆ. ಹೇಳಿಕೆಯನ್ನಲ್ಲ, ಹೇಳಿದವರನ್ನು ಹುಡುಕು ಎಂಬ ಒತ್ತು ಬರುವುದು ಇದರಿಂದಲೇ.

ಕಲಿಸಿದರೆ ಬರುತ್ತದೆಯೇ? ಅಮೆರಿಕದ ಪ್ರೌಢಶಾಲೆಗಳಲ್ಲಿ 499 ವಿದ್ಯಾರ್ಥಿಗಳನ್ನು ಒಳಗೊಂಡು ನಡೆಸಿದ ಪ್ರಯೋಗದಲ್ಲಿ, 50 ನಿಮಿಷಗಳ ಆರು ಪಾಠ ಕೇಳಿದವರು ಕೇಳದವರಿಗಿಂತ ಮೂಲಗಳನ್ನು ಚೆನ್ನಾಗಿ ಅಳೆದರು. ಉಪನ್ಯಾಸಕ್ಕಿಂತ ಪ್ರಾತ್ಯಕ್ಷಿಕೆ ಇಲ್ಲಿ ಮುಖ್ಯ: ಶಿಕ್ಷಕರು ಪರದೆಯ ಮೇಲೆ ತಾವೇ ಹುಡುಕುತ್ತಾ, ಏಕೆ ಈ ಕೊಂಡಿ ಬೇಡ, ಏಕೆ ಆ ಕೊಂಡಿ ಎಂದು ಬಾಯಿಬಿಟ್ಟು ಹೇಳಬೇಕು. ತರಗತಿಗೆ ಬರೀ ನಕಲಿ ತಾಣಗಳನ್ನೇ ತಂದು ತೋರಿಸುವ ರೂಢಿ ಮಾತ್ರ ನನಗೆ ಸರಿ ಕಾಣುವುದಿಲ್ಲ. ಪ್ರತಿ ಸಲವೂ ಉತ್ತರ ‘ಸುಳ್ಳು’ ಎಂದೇ ಆದರೆ ಮಕ್ಕಳು ಕಲಿಯುವುದು ವಿವೇಚನೆಯನ್ನಲ್ಲ, ಎಲ್ಲವನ್ನೂ ತಳ್ಳಿಹಾಕುವ ಚಟವನ್ನು. ಥಳುಕಿನ ನಕಲಿ ತಾಣವೊಂದರ ಪಕ್ಕದಲ್ಲಿ, ನೋಡಲು ಒರಟಾದರೂ ಹೊರಗೆ ವಿಚಾರಿಸಿದಾಗ ಗಟ್ಟಿಯೆಂದು ತಿಳಿಯುವ ಇನ್ನೊಂದನ್ನೂ ಕೊಡಬೇಕು, ಯಾವುದು ಯಾವುದೆಂದು ಮೊದಲೇ ಹೇಳದೆ.