ದತ್ತಾಂಶ ಕಡತಗಳಲ್ಲಿ ನಿರ್ದೇಶಾಂಕ ವ್ಯವಸ್ಥೆ: ಎಲ್ಲಿ ಬರೆದಿರುತ್ತದೆ, ಹೇಗೆ ಓದಬೇಕು

ಒಂದು ಕಡತದಲ್ಲಿ 10, 50 ಎಂಬ ಎರಡು ಸಂಖ್ಯೆಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದನ್ನು ರೇಖಾಂಶವೆಂದೂ ಎರಡನೆಯದನ್ನು ಅಕ್ಷಾಂಶವೆಂದೂ ಓದಿದರೆ ಬಿಂದು ಜರ್ಮನಿಯಲ್ಲಿ ಬೀಳುತ್ತದೆ, ಅದಲುಬದಲಾಗಿ ಓದಿದರೆ ಸೊಮಾಲಿಯಾದಲ್ಲಿ. ಇವು ಡಿಗ್ರಿಗಳಲ್ಲ, ವೆಬ್ ನಕ್ಷೆಗಳಲ್ಲಿ ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪಣದ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನದ) ಮೀಟರ್‌ಗಳು ಎಂದಾದರೆ ಅದೇ ಬಿಂದು, ಸೊನ್ನೆ ಅಕ್ಷಾಂಶ-ರೇಖಾಂಶಗಳು ಕೂಡುವ ಗಿನಿ ಕೊಲ್ಲಿಯ ನೀರಿನಲ್ಲಿ, ಸಮಭಾಜಕ ವೃತ್ತದಿಂದ ಸುಮಾರು 50 ಮೀಟರ್ ಉತ್ತರಕ್ಕಿರುತ್ತದೆ. ಆದ್ದರಿಂದ ಯಾವುದೇ ಕಡತವನ್ನು ತೆರೆಯುವಾಗ, ಈ ಸಂಖ್ಯೆಗಳನ್ನು ಯಾವ ವ್ಯವಸ್ಥೆಯಲ್ಲಿ ಓದಬೇಕೆಂಬ ಮಾತನ್ನು ಎಲ್ಲಿ ಬರೆದಿದೆ ಎಂಬುದನ್ನೇ ಮೊದಲು ಹುಡುಕಬೇಕು.

ನಿರ್ದೇಶಾಂಕ ವ್ಯವಸ್ಥೆಯೆಂದರೆ (ಇಂಗ್ಲಿಷ್ ಸಂಕ್ಷೇಪದಲ್ಲಿ ಸಿಆರ್‌ಎಸ್) ಡೇಟಮ್, ಅಂದರೆ ಅಳತೆಗೆ ಆಧಾರವಾಗಿ ಹಿಡಿದ ಭೂಮಿಯ ಮಾದರಿ, ಅಕ್ಷಗಳು ಮತ್ತು ಅವುಗಳ ಕ್ರಮ, ಅಳತೆಯ ಮಾನ, ಅಗತ್ಯವಿದ್ದರೆ ಪ್ರಕ್ಷೇಪಣ, ಇವೆಲ್ಲವೂ ಸೇರಿದ ಒಂದು ಒಪ್ಪಂದ. ಇಷ್ಟನ್ನೂ ಪ್ರತಿಸಲ ಬರೆಯುವ ಬದಲು ಇಂಥ ವ್ಯವಸ್ಥೆಗಳನ್ನು ಪಟ್ಟಿಮಾಡಿರುವ ಇಪಿಎಸ್‌ಜಿ ದಾಖಲೆಯ ಸಂಖ್ಯೆಯನ್ನು ಉಲ್ಲೇಖಿಸುವುದು ರೂಢಿ: 4326 ಎಂದರೆ ಜಿಪಿಎಸ್ ಬಳಸುವ ಡೇಟಮ್ ಆದ ಡಬ್ಲ್ಯುಜಿಎಸ್ 84ರ ಅಕ್ಷಾಂಶ-ರೇಖಾಂಶ, 3857 ಎಂದರೆ ವೆಬ್ ಮರ್ಕೇಟರ್. ವಿವರವಾಗಿಯೇ ಬರೆಯಬೇಕಾದಾಗ ಡಬ್ಲ್ಯುಕೆಟಿ ಎಂಬ ಪಠ್ಯರೂಪವಿದೆ. ಅದರ ಎರಡನೆಯ ಆವೃತ್ತಿಯು ಐಎಸ್‌ಒ 19162 ಮಾನಕವಾಗಿದೆ.

ಕೆಲವು ಕಡತ-ಸ್ವರೂಪಗಳಲ್ಲಿ ಕಡತದೊಳಗೆ ಏನನ್ನೂ ಬರೆಯುವುದಿಲ್ಲ, ಏಕೆಂದರೆ ಸ್ವರೂಪದ ನಿಯಮವೇ ಉತ್ತರವನ್ನು ಹೇಳಿಬಿಟ್ಟಿರುತ್ತದೆ. ಗೂಗಲ್ ಅರ್ಥ್‌ನಂಥ ತಂತ್ರಾಂಶಗಳು ಬಳಸುವ ಕೆಎಂಎಲ್ ಹಾಗಿದೆ. ನಕ್ಷೆಯ ಆಕೃತಿಗಳನ್ನು ಪಠ್ಯವಾಗಿ ಬರೆಯುವ ಜಿಯೋಜೇಸನ್ ಸ್ವರೂಪದ ಕಥೆ ಸ್ವಲ್ಪ ಉದ್ದ: 2008ರ ವಿವರಣೆಯಲ್ಲಿ ‘ಸಿಆರ್‌ಎಸ್’ ಎಂಬ ಸದಸ್ಯವನ್ನು (ಹೆಸರು-ಬೆಲೆಯ ಜೋಡಿಯನ್ನು) ಸೇರಿಸಿ ಬೇರೆ ವ್ಯವಸ್ಥೆಯನ್ನು ಸೂಚಿಸಲು ಅವಕಾಶವಿತ್ತು, 2016ರ ಆರ್‌ಎಫ್‌ಸಿ 7946 ಎಂಬ ಅಂತರ್ಜಾಲ ಮಾನಕ ಅದನ್ನು ತೆಗೆದುಹಾಕಿ, ಡಬ್ಲ್ಯುಜಿಎಸ್ 84ರ ದಶಮಾಂಶ ಡಿಗ್ರಿಗಳು, ಮೊದಲು ರೇಖಾಂಶ, ನಂತರ ಅಕ್ಷಾಂಶ ಎಂದು ನಿಗದಿಪಡಿಸಿತು. ಹಳೆಯ ಕಡತಗಳು ಇಂದಿಗೂ ಬಳಕೆಯಲ್ಲಿವೆ, ಹೊಸ ತಂತ್ರಾಂಶ ಆ ಸದಸ್ಯವನ್ನು ಗಮನಿಸದೆ ಮುಂದೆ ಹೋಗಬಹುದು. ಲಕ್ಷಗಳಲ್ಲಿರುವ ಸಂಖ್ಯೆಗಳು ಜಿಯೋಜೇಸನ್‌ನಲ್ಲಿ ಕಂಡರೆ ಅವು ಡಿಗ್ರಿಗಳಾಗಿರಲು ಸಾಧ್ಯವೇ ಇಲ್ಲ ಎಂದು ಅಲ್ಲಿಯೇ ನಿಲ್ಲಬೇಕು.

ಒಂದೇ ನಕ್ಷೆಯ ದತ್ತಾಂಶವನ್ನು ಹಲವು ಕಡತಗಳಲ್ಲಿ ಹಂಚಿಡುವ ಶೇಪ್‌ಫೈಲ್‌ ಸ್ವರೂಪದಲ್ಲಿ ಈ ಮಾಹಿತಿ ಪಿಆರ್‌ಜೆ ಎಂಬ ಪಕ್ಕದ ಕಡತದಲ್ಲಿರುತ್ತದೆ. ನಕಲು ಮಾಡುವಾಗ ಅದೊಂದು ಬಿಟ್ಟುಹೋದರೂ ಆಕೃತಿಗಳು ಸರಾಗವಾಗಿ ತೆರೆದುಕೊಳ್ಳುತ್ತವೆ, ಕಲಿಯುವವರು ಮೋಸಹೋಗುವುದು ಇಲ್ಲಿಯೇ. ಪಿಆರ್‌ಜೆ ಇದ್ದರೂ ಅದರಲ್ಲಿ ಸಾಮಾನ್ಯವಾಗಿ ಹಳೆಯ ಡಬ್ಲ್ಯುಕೆಟಿ ಪಠ್ಯವಿರುತ್ತದೆಯೇ ಹೊರತು ಇಪಿಎಸ್‌ಜಿ ಸಂಖ್ಯೆಯಿರುವುದಿಲ್ಲ; ತಂತ್ರಾಂಶ ಪಠ್ಯವನ್ನು ಹೋಲಿಸಿ ಸಂಖ್ಯೆಯನ್ನು ಊಹಿಸಬೇಕಾಗುತ್ತದೆ. ಚಿತ್ರರೂಪದ ಜಿಯೋಟಿಫ್ ತನ್ನ ಟ್ಯಾಗ್‌ಗಳಲ್ಲಿಯೂ (ಚಿತ್ರದೊಂದಿಗಿರುವ ಟಿಪ್ಪಣಿಗಳಲ್ಲಿ), ದತ್ತಸಂಚಯರೂಪದ ಜಿಯೋಪ್ಯಾಕೇಜ್ ತನ್ನದೇ ಕೋಷ್ಟಕದಲ್ಲಿಯೂ ಮಾಹಿತಿಯನ್ನು ಒಳಗೇ ಇಟ್ಟುಕೊಳ್ಳುತ್ತವೆ. ದೊಡ್ಡ ಕೋಷ್ಟಕಗಳಿಗಾಗಿರುವ ಜಿಯೋಪಾರ್ಕೇ ಸ್ವರೂಪದಲ್ಲಿ ಒಂದು ಸೂಕ್ಷ್ಮವಿದೆ: ‘ಸಿಆರ್‌ಎಸ್’ ಎಂಬ ಅಂಶವೇ ಇಲ್ಲದಿದ್ದರೆ ರೇಖಾಂಶ ಮೊದಲಾಗಿರುವ ಡಬ್ಲ್ಯುಜಿಎಸ್ 84 ಎಂದೂ, ಅಂಶವಿದ್ದು ಅದರ ಬೆಲೆ ‘ನಲ್’ (ಖಾಲಿ) ಆಗಿದ್ದರೆ ವ್ಯವಸ್ಥೆ ತಿಳಿದಿಲ್ಲವೆಂದೂ ಅರ್ಥ. ಹೇಳದಿರುವುದು ಬೇರೆ, ತಿಳಿಯದೆಂದು ಹೇಳುವುದು ಬೇರೆ; ಈ ವ್ಯತ್ಯಾಸವನ್ನು ಕಾಪಾಡಿದ ನಿಯಮ ನನಗೆ ಬಹಳ ಮೆಚ್ಚುಗೆಯಾಗಿದೆ.

ಅಕ್ಷಗಳ ಕ್ರಮದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇಪಿಎಸ್‌ಜಿ ದಾಖಲೆಯ ಪ್ರಕಾರ 4326ರಲ್ಲಿ ಅಕ್ಷಾಂಶವೇ ಮೊದಲು. ಆದರೂ ಜಿಯೋಪ್ಯಾಕೇಜ್‌ನಲ್ಲಿ ವ್ಯವಸ್ಥೆ 4326 ಎಂದು ದಾಖಲಾಗಿರುವಾಗಲೂ ರೇಖಾಂಶವನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ. ನಕ್ಷೆಯ ಚಿತ್ರಗಳನ್ನು ಜಾಲದ ಮೂಲಕ ಕೊಡುವ ಡಬ್ಲ್ಯುಎಂಎಸ್ ಸೇವೆಯ 1.1.1 ಆವೃತ್ತಿಯಲ್ಲಿ 4326ರ ಚೌಕಟ್ಟನ್ನು (ಬೇಕಾದ ಪ್ರದೇಶದ ಗಡಿಗಳನ್ನು) ರೇಖಾಂಶದಿಂದ ಆರಂಭಿಸಬೇಕು, 1.3.0ರಲ್ಲಿ ಅಕ್ಷಾಂಶದಿಂದ. ಗೊಂದಲ ಬೇಡವೆನ್ನುವವರಿಗೆ ಸಿಆರ್‌ಎಸ್ 84 ಎಂಬ ಪ್ರತ್ಯೇಕ ಹೆಸರಿದೆ: ಡೇಟಮ್ ಅದೇ, ರೇಖಾಂಶ ಮಾತ್ರ ಯಾವಾಗಲೂ ಮೊದಲು. ಅಕ್ಷಾಂಶದ ಸ್ಥಾನದಲ್ಲಿ 120 ಬಂದರೆ ತಪ್ಪು ತಾನಾಗಿಯೇ ಗೊತ್ತಾಗುತ್ತದೆ, ಏಕೆಂದರೆ ಅಕ್ಷಾಂಶ 90ನ್ನು ಮೀರುವುದಿಲ್ಲ. ಎರಡೂ ಬೆಲೆಗಳು 90ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ.

ಕೊನೆಯದಾಗಿ, ವ್ಯವಸ್ಥೆಯ ಹೆಸರನ್ನು ಹಚ್ಚುವುದೂ ನಿರ್ದೇಶಾಂಕಗಳನ್ನು ಪರಿವರ್ತಿಸುವುದೂ ಬೇರೆ ಬೇರೆ ಕೆಲಸಗಳು. ಪೈಥಾನ್ ಭಾಷೆಯ ಜಿಯೋಪಾಂಡಾಸ್ ಎಂಬ ಸಾಧನದಲ್ಲಿ ‘ಸೆಟ್ ಸಿಆರ್‌ಎಸ್’ ಎಂಬ ಆಜ್ಞೆ ಸಂಖ್ಯೆಗಳನ್ನು ಮುಟ್ಟದೆ ಹೆಸರನ್ನಷ್ಟೇ ಹಚ್ಚುತ್ತದೆ, ‘ಟು ಸಿಆರ್‌ಎಸ್’ ಸಂಖ್ಯೆಗಳನ್ನೇ ಮರುಲೆಕ್ಕ ಹಾಕುತ್ತದೆ. ಡಿಗ್ರಿಗಳಿರುವ ಕಡತಕ್ಕೆ ಮೀಟರ್ ಬೇಕೆಂದು 3857 ಎಂಬ ಹೆಸರನ್ನು ಹಚ್ಚಿಬಿಟ್ಟರೆ, ಇಡೀ ಭೂಮಂಡಲದ ದತ್ತಾಂಶವು ಗಿನಿ ಕೊಲ್ಲಿಯಲ್ಲಿ 360 ಮೀಟರ್ ಅಗಲದ ಒಂದು ಚುಕ್ಕೆಯಾಗಿ ಮುದುಡಿಕೊಳ್ಳುತ್ತದೆ. ಮೊದಲು ಇರುವ ವ್ಯವಸ್ಥೆಯನ್ನು ಸರಿಯಾಗಿ ಹೆಸರಿಸಬೇಕು, ಆಮೇಲಷ್ಟೇ ಬೇಕಾದ ವ್ಯವಸ್ಥೆಗೆ ಪರಿವರ್ತಿಸಬೇಕು.